ಎಫ್ ಲೈನ್ ರಿವ್ಯೂ: ಬಸ್ ಟಿಕೆಟ್ ದುಡ್ಡಲ್ಲಿ 1928ರ ಮಿಲಾನ್ ಟ್ರಾಮ್

ಮೊದಲೇ ಹೇಳ್ಬಿಡ್ತೀನಿ, ನನಗೆ ರೈಲು ಅಂದ್ರೆ ಹುಚ್ಚು, ಹಾಗಾಗಿ ಈ ರಿವ್ಯೂನಲ್ಲಿ ಪಕ್ಷಪಾತ ಇದ್ದೇ ಇರುತ್ತೆ, ಅಷ್ಟನ್ನ ಕಳೆದು ಓದ್ಕೊಳ್ಳಿ. ಬೇ ಏರಿಯಾದಲ್ಲಿರೋ ನಮ್ಮವರ ಮನೆಗೆ ಊರಿಂದ ಅಪ್ಪ ಅಮ್ಮ ಬಂದ್ರೆ ಒಂದು ಮಾಮೂಲಿ ಲಿಸ್ಟ್ ಇರುತ್ತೆ, ಗೋಲ್ಡನ್ ಗೇಟ್ ಸೇತುವೆ, ಲಿವರ್‌ಮೋರ್ ದೇವಸ್ಥಾನ, ಔಟ್‌ಲೆಟ್ ಮಾಲು, ಆಮೇಲೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕೇಬಲ್ ಕಾರ್ ಕ್ಯೂನಲ್ಲಿ ಬಿಸಿಲಲ್ಲಿ ನಿಂತು ಒಂದು ಫೋಟೋ. ಆ ಕ್ಯೂ ಪಕ್ಕದಲ್ಲೇ, ಮಾರ್ಕೆಟ್ ಸ್ಟ್ರೀಟ್ ಮಧ್ಯದಲ್ಲಿ, ಕಿತ್ತಳೆ ಬಣ್ಣದ್ದೊಂದು ಹಳೇ ಟ್ರಾಮು ಗಂಟೆ ಹೊಡ್ಕೊಂಡು ಹೋಗ್ತಿರುತ್ತೆ, ಅದನ್ನ ಯಾರೂ ತಿರುಗೂ ನೋಡಲ್ಲ. ನನ್ನ ಕೇಳಿದ್ರೆ ಆ ಊರಲ್ಲಿ ನೋಡಬೇಕಾದ್ದೇ ಅದು, ಎಫ್ ಲೈನ್ ಅನ್ನೋ ಆ ಹಳೇ ಟ್ರಾಮ್ ರೂಟು.

ಈ ಸಲ ನಮ್ಮಪ್ಪ ಬಂದಿದ್ರು. ಅವರು ಮೈಸೂರಿನ ಅಶೋಕಪುರಂ ರೈಲ್ವೆ ವರ್ಕ್‌ಶಾಪಲ್ಲಿ ಫಿಟ್ಟರ್ ಆಗಿ ರಿಟೈರ್ ಆದವರು, ಸೇತುವೆ ತೋರಿಸಿದ್ರೆ "ಚೆನ್ನಾಗಿದೆ" ಅಂದ್ರು, ಮಾಲ್ ತೋರಿಸಿದ್ರೆ ಅದೂ ಅನ್ನಲಿಲ್ಲ. ಸರಿ, ಒಂದು ಶನಿವಾರ ಇಬ್ಬರೇ ಎಫ್ ಲೈನ್‌ಗೆ ಅಂತಲೇ ಹೊರಟ್ವಿ. ಅಮ್ಮ ಬರಲ್ಲ ಅಂದ್ರು, ಇಬ್ಬರು ರೈಲ್ವೆ ಹುಚ್ಚರ ಮಧ್ಯೆ ಇಡೀ ದಿನ ನನ್ನ ಕೈಲಾಗಲ್ಲ ಅಂತ ಡಬ್ಬಿಗೆ ಮೊಸರನ್ನ ಕಲಸಿ ಕೈಗಿಟ್ಟು ಕಳಿಸಿದ್ರು.

ಸನ್ನಿವೇಲ್‌ನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಕ್ಯಾಲ್‌ಟ್ರೇನ್ ಅನ್ನೋ ಲೋಕಲ್ ಟ್ರೇನ್. ಕಾರಲ್ಲಿ ಹೋಗ್ಬೇಡಿ ದಯವಿಟ್ಟು, ಪಾರ್ಕಿಂಗ್ ಕಾಟ ಒಂದು ಕಡೆ ಆದ್ರೆ ಈ ಟ್ರೇನೇ ಈಗ ನೋಡೋ ಹಾಗಿದೆ. 2024ರ ಸೆಪ್ಟೆಂಬರ್‌ನಲ್ಲಿ ಡೀಸೆಲ್ ಹೋಗಿ ಕರೆಂಟ್ ಬಂತು, ಸ್ಟಾಡ್ಲರ್ ಕಂಪನಿಯ ಡಬಲ್ ಡೆಕ್ಕರ್ ಗಾಡಿಗಳು, ಮೇಲೆ ನಮ್ಮ ಇಂಡಿಯನ್ ರೈಲ್ವೆ ತರಾನೇ 25 ಸಾವಿರ ವೋಲ್ಟ್ ಏಸಿ ವೈರು. ಅಪ್ಪ ಪ್ಲಾಟ್‌ಫಾರ್ಮಲ್ಲಿ ನಿಂತು ತಲೆ ಎತ್ತಿ ಇನ್ಸುಲೇಟರ್ ನೋಡಿದವರೇ "ನಮ್ದೇ ವೋಲ್ಟೇಜು ಕಣೋ" ಅಂದ್ರು, ಅಲ್ಲಿಗೆ ಅವರ ಮೂಡು ಸರಿಹೋಯ್ತು.

ಕೊನೇ ಸ್ಟೇಷನ್ ಫೋರ್ತ್ ಅಂಡ್ ಕಿಂಗ್. ಅಲ್ಲಿಂದ ಎಫ್ ಲೈನ್ ಸಿಗೋ ಫೆರಿ ಬಿಲ್ಡಿಂಗ್‌ಗೆ ಎರಡೂವರೆ ಕಿಲೋಮೀಟರ್ ಇರಬಹುದು, ಕಾಲು ನೋವಿದ್ರೆ ಎನ್ ಜೂಡಾ ಅನ್ನೋ ಟ್ರಾಮ್ ಹತ್ಕೊಳ್ಳಿ, ಇಲ್ಲಾಂದ್ರೆ ನಡೀರಿ, ನೀರಿನ ಪಕ್ಕದಲ್ಲೇ ದಾರಿ, ಪೂರ್ತಿ ಸಮತಟ್ಟು. 2020ಕ್ಕೆ ಮುಂಚೆ ಇದೇ ದಾರೀಲಿ ಇ ಲೈನ್ ಅಂತ ಇನ್ನೊಂದು ಹಳೇ ಟ್ರಾಮ್ ಓಡ್ತಿತ್ತು, ಕೋವಿಡ್ ಟೈಮಲ್ಲಿ ನಿಂತಿದ್ದು ನಿಂತೇ ಹೋಯ್ತು. ಅದೊಂದು ಬೇಜಾರು. ಅದು ಇದ್ದಿದ್ರೆ ಟ್ರೇನಿಂದ ಇಳಿದು ನೇರ ಟ್ರಾಮ್ ಹತ್ತಬಹುದಿತ್ತು.

ಈಗ ಎಫ್ ಲೈನ್ ಏನು ಅನ್ನೋದು. ಪೂರ್ತಿ ಹೆಸರು ಎಫ್ ಮಾರ್ಕೆಟ್ ಅಂಡ್ ವಾರ್ಫ್ಸ್. ಒಂದು ತುದಿ ಕ್ಯಾಸ್ಟ್ರೋ ಬಡಾವಣೆ, ಇನ್ನೊಂದು ತುದಿ ನೀರಿನ ಅಂಚಿನ ಫಿಶರ್‌ಮನ್ಸ್ ವಾರ್ಫ್, ಮಧ್ಯದಲ್ಲಿ ಇಡೀ ಮಾರ್ಕೆಟ್ ಸ್ಟ್ರೀಟ್ ಮತ್ತೆ ಸಮುದ್ರದ ಕಡೆಯ ಎಂಬಾರ್ಕಡೆರೋ ರಸ್ತೆ. ಇದು ಮ್ಯೂಸಿಯಂನವರು ಭಾನುವಾರ ಎರಡು ರೌಂಡ್ ಹೊಡೆಸೋ ಜಾಯ್ ರೈಡ್ ಅಲ್ಲ, ಮುನಿ ಅಂತ ಆ ಊರಿನ ಸಾರಿಗೆ, ನಮ್ಮ ಬಿಎಂಟಿಸಿ ಇದ್ದಂಗೆ, ಅದರ ಮಾಮೂಲಿ ರೂಟು ಇದು. ವಾರದ ಏಳೂ ದಿನ ಓಡುತ್ತೆ, ರೇಟು ಬಸ್ಸಿಂದೇ, ಸುಮಾರು ಮೂರು ಡಾಲರ್, ಒಂದ್ಸಲ ಕ್ಲಿಪ್ಪರ್ ಅನ್ನೋ ಟಿಕೆಟ್ ಕಾರ್ಡ್ ಮುಟ್ಟಿಸಿದ್ರೆ ಎರಡು ಗಂಟೆ ಹೊತ್ತು ಇಳಿದು ಹತ್ತಿ ಏನ್ ಬೇಕಾದ್ರೂ ಮಾಡಬಹುದು. ಪಕ್ಕದ ಕೇಬಲ್ ಕಾರಲ್ಲಿ ಒಂದೇ ಒಂದು ಸಲ ಕೂರೋಕೆ 8 ಡಾಲರ್‌ಗೆ ಕಮ್ಮಿ ಇಲ್ಲ. ಕೇಬಲ್ ಕಾರ್ ಕೆಟ್ಟದ್ದು ಅಂತಲ್ಲ, 1873ರಲ್ಲಿ ಶುರುವಾಗಿದ್ದು, ನೆಲದ ಕೆಳಗೆ ಓಡೋ ಹಗ್ಗಾನ ಇಕ್ಕಳದಲ್ಲಿ ಹಿಡ್ಕೊಂಡು ಗುಡ್ಡ ಹತ್ತೋದು ದೊಡ್ಡ ವಿಷಯಾನೇ, ಆದ್ರೆ ಆ ಕ್ಯೂ ನೋಡಿದ್ರೆ ತಿರುಪತಿ ನೆನಪಾಗುತ್ತೆ. ಇನ್ನೊಂದು ವಿಷಯ, ತುಂಬಾ ಜನ ಎರಡನ್ನೂ ಒಂದೇ ಅನ್ಕೋತಾರೆ. ಕೇಬಲ್ ಕಾರ್‌ಗೆ ಮೋಟರೇ ಇಲ್ಲ, ಸ್ಟ್ರೀಟ್‌ಕಾರ್‌ಗೆ, ಅಂದ್ರೆ ಈ ಟ್ರಾಮ್‌ಗೆ, ಮೋಟರ್ ಇದೆ, ತಲೆ ಮೇಲೆ ಒಂದು ಕೋಲು, ಅದರ ತುದಿಗೆ ವೈರು, 600 ವೋಲ್ಟ್ ಡಿಸಿ.

ಈ ಲೈನ್ ಹುಟ್ಟಿದ ಕಥೇನೂ ಚೆನ್ನಾಗಿದೆ. ಒಂದು ಕಾಲದಲ್ಲಿ ಮಾರ್ಕೆಟ್ ಸ್ಟ್ರೀಟಲ್ಲಿ ನಾಲ್ಕು ಹಳಿ ಇತ್ತು, ಎರಡು ಮುನೀದು, ಎರಡು ಖಾಸಗಿ ಕಂಪನೀದು, ಪಕ್ಕ ಪಕ್ಕ ಪೈಪೋಟಿ ಮೇಲೆ ಓಡಿಸ್ತಿದ್ರು, 1944ರಲ್ಲಿ ಖಾಸಗಿಯವರನ್ನೂ ಮುನೀನೇ ತಗೊಂಡಿತು. ಆಮೇಲೆ ಸುರಂಗ ಬಂತು, 1982ರಲ್ಲಿ ಟ್ರಾಮ್‌ಗಳೆಲ್ಲ ನೆಲದ ಕೆಳಗೆ ಹೋದ್ವು, ಮೇಲಿನ ಹಳಿ ಸುಮ್ನೆ ಬಿದ್ದಿತ್ತು. ಅದೇ ಹೊತ್ತಿಗೆ ಸರಿಯಾಗಿ ಕೇಬಲ್ ಕಾರ್ ರಿಪೇರಿ ಅಂತ ನಿಲ್ಲಿಸಿದ್ರು, ಟೂರಿಸ್ಟ್‌ಗಳಿಗೆ ತೋರಿಸೋಕೆ ಏನೂ ಇಲ್ಲ ಅನ್ನೋ ಪರಿಸ್ಥಿತಿ. ಹಾಗಾಗಿ 1983ರಿಂದ ಬೇಸಿಗೇಲಿ ಹಳೇ ಟ್ರಾಮ್ ಹಬ್ಬ ಅಂತ ಶುರು ಮಾಡಿದ್ರು, ಬೇರೆ ಬೇರೆ ದೇಶದ ಹಳೇ ಗಾಡಿ ತಂದು ಓಡಿಸಿದ್ರು, ಜನ ಮುಗಿಬಿದ್ರು. ಅದರ ಫಲವಾಗಿ 1995ರ ಸೆಪ್ಟೆಂಬರ್ 1ಕ್ಕೆ ಎಫ್ ಲೈನ್ ಪರ್ಮನೆಂಟಾಗಿ ಶುರುವಾಯ್ತು, 2000ದ ಮಾರ್ಚಲ್ಲಿ ವಾರ್ಫ್ ತನಕ ಹೋಯ್ತು. ಬಿಸಾಕೋ ಸಾಮಾನು ಅಂತ ಎಲ್ಲ ಊರಲ್ಲೂ ಗುಜರಿಗೆ ಹಾಕ್ತಿದ್ದಾಗ ಈ ಊರಿನವರು ಅದನ್ನೇ ದಿನದ ಸರ್ವಿಸ್‌ಗೆ ಇಳಿಸಿದ್ರು, ನನಗೆ ಇಷ್ಟ ಆಗೋದೇ ಇದು.

ಫೆರಿ ಬಿಲ್ಡಿಂಗ್ ಎದುರು ರಸ್ತೆ ದಾಟಿದ್ರೆ ಸ್ಟುವರ್ಟ್ ಸ್ಟ್ರೀಟಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ರೈಲ್ವೆ ಮ್ಯೂಸಿಯಂ ಅಂತ ಇದೆ, ಮೊದಲು ಅಲ್ಲಿಗೆ ಹೋಗಿ. ಮ್ಯೂಸಿಯಂ ಅಂದ್ರೆ ದೊಡ್ಡದು ಅನ್ಕೋಬೇಡಿ, ನಮ್ಮ ಮೈಸೂರಿನ ರೈಲ್ವೆ ಮ್ಯೂಸಿಯಂ ಮುಂದೆ ಇದೊಂದು ರೂಮು ಅಷ್ಟೇ, ಆದ್ರೆ ಫ್ರೀ. ಮಾರ್ಕೆಟ್ ಸ್ಟ್ರೀಟ್ ರೈಲ್ವೆ ಅನ್ನೋ ಸಂಸ್ಥೆಯವರು ನಡೆಸ್ತಾರೆ, ಹೆಸರು ಹಳೇ ಖಾಸಗಿ ಕಂಪನೀದು, ಇವರು ಮಾತ್ರ ಲಾಭಕ್ಕಲ್ಲ, ಹಳೇ ಗಾಡಿ ಉಳಿಸೋಕೆ ಇರೋ ಗುಂಪು. 1911ರ ಟ್ರಾಮಿನ ಮುಂದಿನ ಭಾಗಾನ ಫುಲ್ ಸೈಜಲ್ಲಿ ಮಾಡಿಟ್ಟಿದ್ದಾರೆ, ಅದರಲ್ಲಿ ಡ್ರೈವರ್ ಜಾಗದಲ್ಲಿ ನಿಂತ್ಕೋಬಹುದು, ಮಕ್ಕಳಿದ್ರೆ ಅಲ್ಲಿಂದ ಎಬ್ಬಿಸಿಕೊಂಡು ಬರೋದು ಕಷ್ಟ, ನಮ್ಮಪ್ಪನ್ನೂ ಕಷ್ಟಾನೇ ಆಯ್ತು. ಇವರದ್ದೇ ವೆಬ್‌ಸೈಟಲ್ಲಿ ಲೈವ್ ಮ್ಯಾಪ್ ಇದೆ, ಇವತ್ತು ಯಾವ ಯಾವ ಗಾಡಿ ಹೊರಗೆ ಬಂದಿದೆ, ಈಗ ಎಲ್ಲಿದೆ ಅಂತ ತೋರಿಸುತ್ತೆ. ನಮ್ಮಂಥ ಹುಚ್ಚರಿಗೆ ಅದು ಕ್ರಿಕೆಟ್ ಸ್ಕೋರ್ ಇದ್ದಂಗೆ, ಐದೈದು ನಿಮಿಷಕ್ಕೆ ರಿಫ್ರೆಶ್.

ಮೊದಲು ಸಿಕ್ಕಿದ್ದು ಪಿಸಿಸಿ ಅನ್ನೋ ಮಾದರಿಯ ಟ್ರಾಮ್. ಎಫ್ ಲೈನಲ್ಲಿ ಹೆಚ್ಚಿನ ಗಾಡಿ ಇವೇ. ಅಮೆರಿಕದಲ್ಲಿ ಕಾರು ಬಸ್ಸು ಬಂದು ಟ್ರಾಮ್ ಕಂಪನಿಗಳ ಹೊಟ್ಟೆ ಮೇಲೆ ಹೊಡೀತಿದ್ದಾಗ, 1929ರಲ್ಲಿ ಆ ಕಂಪನಿಗಳ ಪ್ರೆಸಿಡೆಂಟ್‌ಗಳೆಲ್ಲ ಸೇರಿ ಒಂದು ಕಮಿಟಿ ಮಾಡಿ, ಎಲ್ಲ ಊರಿಗೂ ಆಗೋ ಹಾಗೆ ಒಂದೇ ಮಾಡರ್ನ್ ಟ್ರಾಮ್ ಡಿಸೈನ್ ಮಾಡಿಸಿದ್ರು, 1936ರಲ್ಲಿ ಮೊದಲು ಓಡಿತು, ಪಿಸಿಸಿ ಅನ್ನೋ ಹೆಸರೂ ಆ ಪ್ರೆಸಿಡೆಂಟ್‌ಗಳ ಕಮಿಟಿಯಿಂದಲೇ ಬಂದಿದ್ದು. ಕಮಿಟಿ ಮಾಡಿದ ಕೆಲಸ ಇಷ್ಟು ಚೆನ್ನಾಗಿ ಬಂದಿರೋದು ನಾನು ಬೇರೆಲ್ಲೂ ಕಂಡಿಲ್ಲ. ಮೂತಿ ದುಂಡಗೆ, ಮಧ್ಯದಲ್ಲಿ ಒಂದೇ ಹೆಡ್‌ಲೈಟು, ಮೈಯೆಲ್ಲ ನುಣುಪು, ಒಳಗಡೆ ನಿಂತವರಿಗೂ ಹೊರಗೆ ಕಾಣ್ಲಿ ಅಂತ ಕಿಟಕಿ ಮೇಲೆ ಇನ್ನೊಂದು ಸಾಲು ಚಿಕ್ಕ ಕಿಟಕಿ. ಅಮೆರಿಕದಲ್ಲಿ ತಯಾರಾದ ಕೊನೇ ಪಿಸಿಸಿ 1952ರದ್ದು, ನಂಬರ್ 1040, ಅದು ಸ್ಯಾನ್ ಫ್ರಾನ್ಸಿಸ್ಕೋಗೇ ಅಂತ ಮಾಡಿದ್ದು, ಈಗಲೂ ಇಲ್ಲೇ ಇದೆ.

ಅಪ್ಪಂಗೆ ಡ್ರೈವರ್ ಹಿಂದಿನ ಸೀಟೇ ಬೇಕು, ಸಿಕ್ತು. "ಅಪ್ಪ, ನೀವು ಕಿಟಕಿ ಕಡೆ ಕೂತ್ಕೊಳಿ" ಅಂದ್ರೆ ಕಿಟಕಿ ಯಾರಿಗೆ ಬೇಕು ಅನ್ನೋ ಹಾಗೆ ಡ್ರೈವರಮ್ಮನ ಕಾಲನ್ನೇ ನೋಡ್ತಾ ಕೂತ್ರು. ಯಾಕಂದ್ರೆ ಪಿಸಿಸಿ ಓಡಿಸೋದು ಕೈಯಲ್ಲಲ್ಲ, ಕಾಲಲ್ಲಿ, ಮೂರು ಪೆಡಲ್ ಇರುತ್ತೆ. ಬಲಗಡೆ ಪವರು, ಮಧ್ಯ ಬ್ರೇಕು, ಎಡಗಡೇದು ಡೆಡ್‌ಮ್ಯಾನ್ ಪೆಡಲ್, ಅದನ್ನ ಒತ್ಕೊಂಡೇ ಇರಬೇಕು, ಡ್ರೈವರಿಗೆ ಏನಾದ್ರೂ ಆಗಿ ಕಾಲು ಸಡಿಲವಾದ್ರೆ ಗಾಡಿ ತಾನೇ ನಿಲ್ಲುತ್ತೆ. "ಇದೇನೋ ಕಾರ್ ಓಡಿಸಿದಂಗೆ ಓಡಿಸ್ತಾಳೆ" ಅಂದ್ರು. ಸ್ವಲ್ಪ ಹೊತ್ತಾದ್ಮೇಲೆ "ಕಂಪ್ರೆಸರ್ ಸೌಂಡೇ ಇಲ್ವಲ್ಲೋ, ಬ್ರೇಕ್ ಹೆಂಗೆ ಹಿಡಿಯುತ್ತೆ?" ಅಂತ ಪ್ರಶ್ನೆ ಬಂತು. ನಾನು ಈ ಪ್ರಶ್ನೆಗೇ ಕಾಯ್ತಿದ್ದೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಬಂದ ಪಿಸಿಸಿಗಳಲ್ಲಿ ಗಾಳಿ ಬ್ರೇಕೇ ಇಲ್ಲ, ಹಾಗಾಗಿ ಗಾಳಿ ತುಂಬೋ ಕಂಪ್ರೆಸರೂ ಇಲ್ಲ, ಎಲ್ಲ ಕರೆಂಟು. ಬ್ರೇಕ್ ಒತ್ತಿದ್ರೆ ಮೋಟರೇ ಜನರೇಟರ್ ಆಗಿ ಗಾಡಿನ ಎಳೆದು ನಿಧಾನ ಮಾಡುತ್ತೆ, ಪೂರ್ತಿ ನಿಲ್ಲೋ ಹೊತ್ತಿಗೆ ಡ್ರಮ್ ಬ್ರೇಕ್ ಹಿಡ್ಕೊಳ್ಳುತ್ತೆ, ಅರ್ಜೆಂಟಿಗೆ ಕೆಳಗಡೆ ಇರೋ ಅಯಸ್ಕಾಂತ ಹಳಿಗೇ ಕಚ್ಕೊಳ್ಳುತ್ತೆ. ಮೀಟರ್ ಗೇಜ್ ಕಾಲದಲ್ಲಿ ವ್ಯಾಕ್ಯೂಮ್ ಬ್ರೇಕ್ ರಿಪೇರಿ ಮಾಡ್ತಾ ಜೀವನ ಸವೆಸಿದ ಮನುಷ್ಯ, 1940ರ ದಶಕದಲ್ಲೇ ಇದನ್ನೆಲ್ಲ ಮಾಡಿದ್ರು ಅಂತ ಕೇಳಿ ಸುಮಾರು ಎರಡು ಸ್ಟಾಪ್ ಮಾತೇ ಆಡಲಿಲ್ಲ.

ಬಣ್ಣದ ವಿಷಯ ಹೇಳ್ಲೇಬೇಕು. ಒಂದೊಂದು ಪಿಸಿಸಿಗೂ ಒಂದೊಂದು ಊರಿನ ಬಣ್ಣ, ಪಿಸಿಸಿ ಓಡಿಸಿದ್ದ ಊರುಗಳ ನೆನಪಿಗೆ. ಚಿಕಾಗೋ ಹಸಿರು, ಬಾಸ್ಟನ್ ಕಿತ್ತಳೆ, ಲಾಸ್ ಏಂಜಲೀಸ್ ಹಳದಿ, ಪೆಸಿಫಿಕ್ ಎಲೆಕ್ಟ್ರಿಕ್ ಕಂಪನೀದು ಕೆಂಪು, ಹೀಗೆ. ಒಳಗಡೆ ಒಂದು ಬೋರ್ಡಲ್ಲಿ ಆ ಊರಿನ ಟ್ರಾಮ್ ಕಥೆ ಬರೆದಿರ್ತಾರೆ. ಕೆಲವು ಕಟ್ಟರ್ ಫ್ಯಾನ್‌ಗಳು ಇದು ಡೂಪ್ಲಿಕೇಟ್ ಅಂತ ಮೂಗು ಮುರೀತಾರೆ, ಯಾಕಂದ್ರೆ ಚಿಕಾಗೋ ಬಣ್ಣ ಬಳಿದಿರೋ ಗಾಡಿ ಚಿಕಾಗೋ ಮುಖಾನೇ ನೋಡಿಲ್ಲ, ಅದು ಫಿಲಡೆಲ್ಫಿಯಾದ್ದು. ಇರಲಿ ಬಿಡಿ, ಆ ಊರುಗಳಲ್ಲಿ ಎಷ್ಟೋ ಕಡೆ ಟ್ರಾಮೂ ಇಲ್ಲ ಹಳೀನೂ ಇಲ್ಲ, ಬಣ್ಣನಾದ್ರೂ ಓಡಾಡ್ಲಿ.

ನನಗೆ ಅದಕ್ಕಿಂತ ಇಷ್ಟ ಆಗೋದು ಗಾಡಿಗಳ ಜಾತಕ. ಫಿಲಡೆಲ್ಫಿಯಾದಲ್ಲಿ ಹಳಿ ಅಗಲ 1581 ಮಿಲಿಮೀಟರ್, ಬೇರೆ ಕಡೆ ಅಷ್ಟಾಗಿ ಕಾಣದ ಲೆಕ್ಕ, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸ್ಟ್ಯಾಂಡರ್ಡ್ 1435. ಹಾಗಾಗಿ ಅಲ್ಲಿಂದ ತಂದ ಗಾಡಿಗಳಿಗೆಲ್ಲ ಬರೀ ಪೇಂಟ್ ಹೊಡೆದ್ರೆ ಸಾಲದು, ಗೇಜೇ ಬದಲಾಯಿಸಬೇಕು. ಇದನ್ನ ಹೇಳಿದ ತಕ್ಷಣ ಅಪ್ಪಂಗೆ ನಮ್ಮ ಬೆಂಗಳೂರು ಮೈಸೂರು ಲೈನ್ ಬ್ರಾಡ್‌ಗೇಜ್ ಆದ ಕಾಲ ಜ್ಞಾಪಕ ಬಂದು, ಯಾವ ವ್ಯಾಗನ್ ಎಲ್ಲಿಗೆ ಹೋಯ್ತು, ಯಾರ ಪ್ರಮೋಷನ್ ತಪ್ಪಿತು ಅನ್ನೋವರೆಗೂ ಕಥೆ ಹೋಯ್ತು, ಸಿವಿಕ್ ಸೆಂಟರ್ ಸ್ಟಾಪ್ ಬಂದಿದ್ದೇ ಗೊತ್ತಾಗಲಿಲ್ಲ. ಇನ್ನು ಕೆಲವು ಗಾಡಿ ಮೊದಲು ಮಿನಿಯಾಪೊಲಿಸಲ್ಲಿ ಓಡಿ, ಅಲ್ಲಿ ಟ್ರಾಮ್ ಮುಚ್ಚೋ ಹೊತ್ತಿಗೆ ನ್ಯೂಜೆರ್ಸಿಯ ನ್ಯೂವಾರ್ಕ್‌ಗೆ ಹೋಗಿ, ಅಲ್ಲಿ 2001ರ ತನಕ ದುಡಿದು, ಆಮೇಲೆ ಇಲ್ಲಿಗೆ ಬಂದಿವೆ. ಮೂರು ಊರಿನ ನೀರು ಕುಡಿದ ಗಾಡಿ, ಇನ್ನೂ ಡ್ಯೂಟಿ ಮಾಡ್ತಿದೆ.

ಮಾರ್ಕೆಟ್ ಸ್ಟ್ರೀಟಲ್ಲಿ ಕೂತು ಹೊರಗೆ ನೋಡೋಕೂ ಒಳ್ಳೆ ಮಜಾ ಇದೆ. ಖಾಸಗಿ ಕಾರುಗಳನ್ನ 2020ರಲ್ಲಿ ಈ ರಸ್ತೆಯ ದೊಡ್ಡ ಭಾಗದಿಂದ ಹೊರಗಿಟ್ಟಿದ್ದು, ಹಾಗಾಗಿ ಬಸ್ಸು ಟ್ರಾಮು ಸೈಕಲ್‌ಗಳದ್ದೇ ಕಾರುಬಾರು. ಪಕ್ಕದಲ್ಲಿ ವೈರಿಂದ ಕರೆಂಟ್ ತಗೊಂಡು ಓಡೋ ಟ್ರಾಲಿ ಬಸ್ ಬಂತು, ಅದರ ತಲೆ ಮೇಲೆ ಎರಡು ಕೋಲು. ಅಪ್ಪ ನನಗೇ ಪರೀಕ್ಷೆ ಇಟ್ರು, "ಅದಕ್ಯಾಕೆ ಎರಡು, ನಮಗ್ಯಾಕೆ ಒಂದು?" ಬಸ್ಸಿಗೆ ರಬ್ಬರ್ ಟೈರು, ಕರೆಂಟ್ ವಾಪಸ್ ಹೋಗೋಕೆ ಇನ್ನೊಂದು ವೈರ್ ಬೇಕು, ನಮ್ಮದಕ್ಕೆ ಹಳೀನೇ ವಾಪಸ್ ದಾರಿ. ಪಾಸಾದೆ.

ಗಾಡಿ ಒಳಗೆ ಟೂರಿಸ್ಟ್‌ಗಳಷ್ಟೇ ಇದ್ರು ಅನ್ಕೋಬೇಡಿ. ತರಕಾರಿ ಬ್ಯಾಗ್ ಹಿಡ್ಕೊಂಡ ಚೀನೀ ಅಜ್ಜಿ, ಇಯರ್‌ಫೋನ್ ಹಾಕ್ಕೊಂಡು ಶಿಫ್ಟ್‌ಗೆ ಹೋಗ್ತಿದ್ದ ಹುಡುಗ, ನಾಯಿಮರೀನ ತೊಡೆ ಮೇಲೆ ಕೂರಿಸ್ಕೊಂಡ ದಂಪತಿ, ಇವರ್ಯಾರಿಗೂ ಇದು ವಿಂಟೇಜ್ ಗಾಡಿ ಅನ್ನೋ ಪರಿವೆನೇ ಇಲ್ಲ, ಅವರ ಸ್ಟಾಪ್ ಬಂದ್ರೆ ಇಳೀತಾರೆ ಅಷ್ಟೇ. ನಾನು ಮ್ಯೂಸಿಯಂಗಳಲ್ಲಿ ಹಗ್ಗ ಕಟ್ಟಿ ನಿಲ್ಲಿಸಿದ ಎಂಜಿನ್ ಎಷ್ಟೋ ನೋಡಿದ್ದೀನಿ, ಹೊಳೀತಿರುತ್ತೆ, ಆದ್ರೆ ಸತ್ತಿರುತ್ತೆ. ಇದು ಹಾಗಲ್ಲ. ಸೀಟಿನ ಅಂಚಿನ ಪೇಂಟ್ ಜನರ ಕೈ ಉಜ್ಜಿ ಉಜ್ಜಿ ಹೋಗಿರುತ್ತೆ, ಮೆಟ್ಟಿಲ ರಬ್ಬರ್ ಸವೆದಿರುತ್ತೆ, ಅದೇ ಅದರ ಅಂದ.

ಕ್ಯಾಸ್ಟ್ರೋದಲ್ಲಿ ಇಳಿದು ಸುತ್ತಮುತ್ತ ಒಂದು ರೌಂಡ್. ಅಲ್ಲೊಂದು ಕಡೆ ಟೀ ಕುಡಿದ್ವಿ, ಹೆಸರು ಬೇಡ, ಉಗುರು ಬೆಚ್ಚಗಿನ ನೀರಿಗೆ ಟೀ ಬ್ಯಾಗ್ ಮುಳುಗಿಸಿ ಐದು ಡಾಲರ್ ಮೇಲೆ ತಗೊಂಡ್ರು, ಅಪ್ಪ ಅದನ್ನ ರೂಪಾಯಿಗೆ ಗುಣಿಸಿ ಸಂಜೆ ತನಕ ಹೇಳ್ಕೊಂಡ್ರು. ಫ್ಲಾಸ್ಕಲ್ಲಿ ಮನೆಯಿಂದಲೇ ತಗೊಂಡು ಹೋಗಿ.

ವಾಪಸ್ ಬರೋವಾಗ ಎರಡು ಪಿಸಿಸಿ ಬಿಟ್ವಿ, ಬೇಕಂತಲೇ. ಮ್ಯಾಪಲ್ಲಿ ಒಂದು ಮಿಲಾನ್ ಗಾಡಿ ಬರ್ತಿತ್ತು. ಬಂತು ನೋಡಿ. ಕಿತ್ತಳೆ ಬಣ್ಣ, ಉದ್ದ ಮೂತಿ, ದೂರದಿಂದಲೇ ಗಡಗಡ ಸದ್ದು. ಇಟಲಿಯ ಮಿಲಾನ್ ಊರಿಗೆ 1928ರ ಸುಮಾರಿಗೆ ಇಂಥವು ಸುಮಾರು 500 ಮಾಡಿದ್ರು, ಅಲ್ಲಿ ಇವತ್ತಿಗೂ ಎಷ್ಟೋ ಗಾಡಿ ದಿನಾ ಓಡ್ತಿವೆ, ಕೆಲವು ಮಾತ್ರ ಸಮುದ್ರ ದಾಟಿ ಇಲ್ಲಿಗೆ ಬಂದಿವೆ. ಡಿಸೈನ್ ಮೂಲ ಮಾತ್ರ ಅಮೆರಿಕದ್ದೇ, ಕ್ಲೀವ್‌ಲ್ಯಾಂಡ್ ಊರಿನ ಟ್ರಾಮ್ ಉಸ್ತುವಾರಿ ನೋಡ್ಕೋತಿದ್ದ ಪೀಟರ್ ವಿಟ್ ಅನ್ನೋನ ಐಡಿಯಾ. ಮುಂದಿನ ಬಾಗಿಲಲ್ಲಿ ಹತ್ತೋದು, ಆಗೆಲ್ಲ ಮಧ್ಯದಲ್ಲಿ ಕಂಡಕ್ಟರ್ ಕೂತಿರ್ತಿದ್ದ, ಅವನನ್ನ ದಾಟೋವಾಗ ದುಡ್ಡು ಕೊಡೋದು. ಹಾಗಾಗಿ ಸ್ಟಾಪಲ್ಲಿ ಟಿಕೆಟ್‌ಗೆ ಅಂತ ಗಾಡಿ ಕಾಯ್ತಿರಲಿಲ್ಲ, ಜನ ಹತ್ತಿದ ಕೂಡ್ಲೇ ರೈಟ್ ರೈಟ್. ನಮ್ಮ ಸಿಟಿ ಬಸ್ಸಲ್ಲಿ ಕಂಡಕ್ಟರ್ ಟಿಕೆಟ್ ಮುಗಿಸ್ಲಿ ಅಂತ ಮಧ್ಯದಾರೀಲಿ ಬಸ್ ನಿಲ್ಲಿಸೋದು ನೋಡಿದವರಿಗೆ ಈ ಐಡಿಯಾ ಬೆಲೆ ಗೊತ್ತಾಗುತ್ತೆ.

ಒಳಗೆ ಪೂರ್ತಿ ಮರ. ಎರಡೂ ಕಡೆ ಉದ್ದಕ್ಕೂ ಮರದ ಬೆಂಚು, ಪಾಲಿಶ್ ಹೊಡೆದು ನುಣ್ಣಗೆ, ಗಾಡಿ ಬ್ರೇಕ್ ಹಾಕಿದ್ರೆ ಸಾಲಲ್ಲಿ ಕೂತವರೆಲ್ಲ ಒಟ್ಟಿಗೆ ಮುಂದಕ್ಕೆ ಜಾರಿ ಪಕ್ಕದವರ ಮೇಲೆ ಬೀಳ್ತಾರೆ, ಸಾರಿ ಹೇಳಿ ನಗ್ತಾರೆ, ಅಷ್ಟರಲ್ಲಿ ಮುಂದಿನ ಸಿಗ್ನಲ್. ಗಾಜಿನ ಬುರುಡೆಯ ದೀಪ, ಇಟಾಲಿಯನ್ ಭಾಷೆಯ ಬೋರ್ಡು ಹಾಗೇ ಬಿಟ್ಟಿದ್ದಾರೆ. ಮತ್ತೆ ಕಂಪ್ರೆಸರ್! ಗಾಡಿ ನಿಂತ ತಕ್ಷಣ ಕಾಲ ಕೆಳಗಿಂದ ಡಗ ಡಗ ಡಗ ಅಂತ ಶುರು, ಪ್ರೆಶರ್ ತುಂಬಿದ ಮೇಲೆ ಟಪ್ ಅಂತ ನಿಲ್ಲುತ್ತೆ, ಬ್ರೇಕ್ ಬಿಟ್ಟಾಗ ಉಸ್ಸ್ ಅಂತ ಗಾಳಿ. ಅಪ್ಪ ಕಣ್ಣು ಮುಚ್ಕೊಂಡು ಕೇಳಿಸ್ಕೊಂಡ್ರು. "ಬೇರಿಂಗ್ ಚೆನ್ನಾಗಿಟ್ಟಿದ್ದಾರೆ ಕಣೋ, ಸೌಂಡಲ್ಲೇ ಗೊತ್ತಾಗುತ್ತೆ" ಅಂದ್ರು. ಅವರ ಬಾಯಲ್ಲಿ ಇದು ಐದಕ್ಕೆ ಐದು ಸ್ಟಾರು, ನನ್ನ ಮದುವೇಲಿ ಅಡುಗೆಗೂ ಅವರು ಇಷ್ಟು ಮಾರ್ಕ್ಸ್ ಕೊಟ್ಟಿರಲಿಲ್ಲ.

ಇಲ್ಲಿ ಡ್ರೈವರ್ ಕೈಯಲ್ಲಿ ಹಿಡಿಕೆ. ಒಂದೊಂದೇ ನಾಚ್, ಅಂದ್ರೆ ಪವರಿನ ಒಂದೊಂದು ಹಂತ, ತಿರುಗಿಸಿದಾಗ ಕಟ್ ಕಟ್ ಅಂತ ಸದ್ದು, ಒಂದೊಂದು ನಾಚಿಗೂ ಗಾಡಿ ಸಣ್ಣಗೆ ಎಗರುತ್ತೆ, ಅವಸರ ಮಾಡಿದ್ರೆ ಎಲ್ಲರ ಕತ್ತೂ ಹಿಂದಕ್ಕೆ. ನಮ್ಮ ಡ್ರೈವರ್ ವಯಸ್ಸಾದವರು, ಕೈ ಎಷ್ಟು ಹಗುರ ಅಂದ್ರೆ ಮೊದಲ ನಾಚಿಂದ ಎರಡನೇದಕ್ಕೆ ಹೋಗೋವಾಗ ಮೋಟರ್ ಸ್ವರ ಏರೋದನ್ನ ಕೇಳಿಸ್ಕೊಂಡು ಆಮೇಲೆ ತಿರುಗಿಸ್ತಿದ್ರು, ಮುಂದೆ ಯಾರೋ ಸೈಕಲ್‌ನವನು ಅಡ್ಡ ಬಂದಾಗ ಹಿಡಿಕೆ ಸೀದಾ ಸೊನ್ನೆಗೆ ತಂದು, ಇನ್ನೊಂದು ಕೈಯಲ್ಲಿ ಗಾಳಿ ಬ್ರೇಕು, ಕಾಲಲ್ಲಿ ಗಂಟೆ, ಮೂರೂ ಒಂದೇ ಸಲ. ಪಿಸಿಸಿ ನುಣ್ಣಗೆ ಹೋಗುತ್ತೆ, ಒಪ್ತೀನಿ, ಆದ್ರೆ ಗಾಡಿ ಏನ್ ಮಾಡ್ತಿದೆ ಅಂತ ಮೈಗೆ ಗೊತ್ತಾಗೋದು ಮಿಲಾನಲ್ಲೇ.

ಫೆರಿ ಬಿಲ್ಡಿಂಗ್ ಹತ್ರ ಎಡಕ್ಕೆ ತಿರುಗಿದ ಮೇಲೆ ಸೀನ್ ಪೂರ್ತಿ ಬೇರೆ. ಬಲಗಡೆ ಹಡಗುಕಟ್ಟೆಗಳು, ಅವುಗಳ ಸಂದೀಲಿ ನೀರು, ಎಡಗಡೆ ಗುಡ್ಡದ ಮೇಲೆ ಕಾಯ್ಟ್ ಟವರ್, ಹಳಿ ಪಕ್ಕ ಸಾಲಾಗಿ ಖರ್ಜೂರದ ಜಾತಿ ಮರ. ಈ ಜಾಗದಲ್ಲಿ ಮುಂಚೆ ಎರಡಂತಸ್ತಿನ ಫ್ಲೈಓವರ್ ಇತ್ತು, ಸಮುದ್ರಾನೇ ಕಾಣ್ತಿರಲಿಲ್ಲ. 1989ರ ಅಕ್ಟೋಬರ್‌ನಲ್ಲಿ ಲೋಮಾ ಪ್ರಿಯೆಟಾ ಭೂಕಂಪ ಆಗಿ ಅದು ಬಿರುಕು ಬಿಟ್ಟಿತು, ರಿಪೇರಿ ಮಾಡೋ ಬದಲು 1991ರಲ್ಲಿ ಕೆಡವೇಬಿಟ್ರು, ಆ ಜಾಗದಲ್ಲಿ ಈಗ ಬೀದಿ, ಫುಟ್‌ಪಾತು, ಟ್ರಾಮು. ಫ್ಲೈಓವರ್ ಒಡೆದು ಟ್ರಾಮ್ ಹಾಕಿದ್ರು ಅಂತ ಬೆಂಗಳೂರಲ್ಲಿ ಯಾರಿಗಾದ್ರೂ ಹೇಳಿದ್ರೆ ನಂಬಲ್ಲ. ನಮ್ಮ ಬೆಂಗಳೂರಿಗೆ ಟ್ರಾಮ್ ಭಾಗ್ಯಾನೇ ಬರಲಿಲ್ಲ. ಮದರಾಸಲ್ಲಿ 1895ರಲ್ಲೇ ಕರೆಂಟ್ ಟ್ರಾಮ್ ಬಂದು 1953ರಲ್ಲಿ ಹೋಯ್ತು, ಬೊಂಬಾಯಿದು 1964ಕ್ಕೆ ಮುಗೀತು, ಕಲ್ಕತ್ತಾದವರು ಮಾತ್ರ ಹಿಡ್ಕೊಂಡಿದ್ರು, ಅಲ್ಲೂ 2024ರಲ್ಲಿ ಸರ್ಕಾರ ಮೈದಾನದ ಕಡೇದೊಂದು ರೂಟ್ ಬಿಟ್ಟು ಉಳಿದಿದ್ದು ಸಾಕು ಅಂತ ಹೇಳ್ತು. ಅಪ್ಪ ಇದನ್ನ ಕೇಳಿ "ಅವರ ಹತ್ರ ಗಾಡಿ ಇತ್ತು, ಮಾಡೋ ಕೈನೂ ಇತ್ತು, ಓಡಿಸೋ ಮನಸ್ಸಿರಲಿಲ್ಲ" ಅಂತ ರೇಗಿದ್ರು. ಪಕ್ಕದಲ್ಲಿದ್ದ ಜರ್ಮನ್ ಜೋಡಿ ನಾವು ಜಗಳ ಆಡ್ತಿದ್ದೀವಿ ಅನ್ಕೊಂಡ್ರು ಅನ್ಸುತ್ತೆ.

ವಾರ್ಫ್ ಬಗ್ಗೆ ಹೆಚ್ಚೇನಿಲ್ಲ. ಜಾತ್ರೆ. ಏಡಿ ವಾಸನೆ, ಟೀ ಶರ್ಟ್ ಅಂಗಡಿ, ಪಿಯರ್ 39ರಲ್ಲಿ ಸೀ ಲಯನ್‌ಗಳು ಬಿಸಿಲಿಗೆ ಮಲಗಿ ಬೊಬ್ಬೆ ಹೊಡೀತಿರ್ತವೆ, ಅದನ್ನೊಂದು ನೋಡಿ. ಸಸ್ಯಾಹಾರಿಗಳಿಗೆ ಊಟ ಕಷ್ಟ, ನಾವು ನೀರಿಗೆ ಮುಖ ಮಾಡಿ ಬೆಂಚ್ ಮೇಲೆ ಕೂತು ಮೊಸರನ್ನ ನಿಂಬೆ ಉಪ್ಪಿನಕಾಯಿ ಬಾರಿಸಿದ್ವಿ, ಒಂದು ಸೀಗಲ್ ಹಕ್ಕಿ ಡಬ್ಬಿಗೇ ಬಾಯಿ ಹಾಕೋಕೆ ಬಂತು, ಹುಷಾರು.

ಇನ್ನು ಹೋಗೋಕೆ ಮುಂಚೆ ತಿಳ್ಕೋಬೇಕಾದ್ದು. ಇವು ಹಳೇ ಗಾಡಿ, ಏಸಿ ಇಲ್ಲ, ಬಿಸಿಲು ಜಾಸ್ತಿ ಇರೋ ದಿನ ಒಳಗೆ ಸೆಕೆ, ಕಿಟಕಿ ತೆಗೆದ್ರೆ ಸಮುದ್ರದ ಕುಳಿರ್ಗಾಳಿ, ಒಂದು ಸ್ವೆಟರ್ ಇರಲಿ, ಆ ಊರಲ್ಲಿ ಜುಲೈನಲ್ಲೂ ಬೇಕಾಗುತ್ತೆ. ಮೆಟ್ಟಿಲು ಎತ್ತರ, ಮಂಡಿ ನೋವಿರೋ ಅಜ್ಜಿ ತಾತಂದಿರು ಇದ್ರೆ ಕಂಬಿ ಹಿಡಿದು ನಿಧಾನಕ್ಕೆ ಹತ್ತಿಸಿ, ವೀಲ್‌ಚೇರ್‌ಗೆ ಕೆಲವು ಸ್ಟಾಪಲ್ಲಿ ಎತ್ತರದ ರ‍್ಯಾಂಪ್ ಕಟ್ಟಿದ್ದಾರೆ, ಎಲ್ಲ ಸ್ಟಾಪಲ್ಲೂ ಇಲ್ಲ. ಮರದ ಬೆಂಚಲ್ಲಿ ಒಂದು ಗಂಟೆ ಕೂತ್ರೆ ಸೊಂಟ ಮಾತಾಡುತ್ತೆ. 65 ದಾಟಿದವರಿಗೆ ಟಿಕೆಟ್ ಅರ್ಧ, ಆದ್ರೆ ಕ್ಲಿಪ್ಪರ್‌ನಲ್ಲಿ ಅದು ಸಿಗಬೇಕಾದ್ರೆ ಸೀನಿಯರ್ ಕಾರ್ಡ್ ಮುಂಚೆನೇ ಮಾಡಿಸಿರಬೇಕು. ಮಧ್ಯಾಹ್ನ ಎರಡು ಗಂಟೆ ಮೇಲೆ ವಾರ್ಫ್ ಕಡೆಯಿಂದ ಹತ್ತೋರ ರಶ್ ಇರುತ್ತೆ, ಹಾಗಾಗಿ ಬೆಳಿಗ್ಗೆ ಬೇಗ ಹೋಗಿ, ಮೊದಲು ಕ್ಯಾಸ್ಟ್ರೋ ಕಡೆ, ಆಮೇಲೆ ವಾರ್ಫ್. ಇಂಥದ್ದೇ ಗಾಡಿ ಬೇಕು ಅಂತ ಹಠ ಇದ್ರೆ ಮ್ಯಾಪ್ ನೋಡ್ಕೊಂಡು ಕಾಯೋ ತಾಳ್ಮೆ ಇರಬೇಕು, ಮಿಲಾನ್ ಗಾಡಿ ಕಮ್ಮಿ, ಪಿಸಿಸಿ ಜಾಸ್ತಿ.

ಸ್ವಲ್ಪ ಗಟ್ಟಿ ಫ್ಯಾನ್‌ಗಳಿಗೆ ಇನ್ನೆರಡು ಮಾತು. ನಂಬರ್ ಒನ್ ಗಾಡಿ ಅಂತ ಒಂದಿದೆ, 1912ರದ್ದು, ಆ ವರ್ಷ ಡಿಸೆಂಬರ್ 28ಕ್ಕೆ ಮುನಿ ಶುರುವಾದ ದಿನ ಮೇಯರ್ ಜೇಮ್ಸ್ ರಾಲ್ಫ್ ತಾವೇ ಅದನ್ನ ಓಡಿಸಿದ್ರು. ಅದು ದಿನಾ ಹೊರಗೆ ಬರಲ್ಲ, ವಿಶೇಷ ದಿನಗಳಲ್ಲಿ ಮಾತ್ರ. ಇಂಗ್ಲೆಂಡಿನ ಬ್ಲ್ಯಾಕ್‌ಪೂಲ್‌ನಿಂದ ತಂದ 1934ರ ಬೋಟ್ ಟ್ರಾಮ್ ಇದೆ, ಮೇಲ್ಛಾವಣಿ ಇಲ್ಲದ ದೋಣಿ ಆಕಾರದ್ದು, ಮಳೆ ಇಲ್ಲದ ಒಳ್ಳೇ ದಿನ ನೋಡಿ ಬಿಡ್ತಾರೆ. ನಮಗೆ ಎರಡೂ ಸಿಗಲಿಲ್ಲ. ಇನ್ನೊಂದು ಗುಟ್ಟು, ಎಫ್ ಗಾಡಿಗಳು ರಾತ್ರಿ ಮಲಗೋದು ಬಾಲ್ಬೋವಾ ಪಾರ್ಕ್ ಹತ್ರದ ಕ್ಯಾಮರಾನ್ ಬೀಚ್ ಯಾರ್ಡಲ್ಲಿ, ಅಲ್ಲಿಂದ ಬರೋದು ಹೋಗೋದು ಜೆ ಅನ್ನೋ ಇನ್ನೊಂದು ಟ್ರಾಮ್ ಲೈನ್ ಹಳಿ ಮೇಲೆ. ಅಂದ್ರೆ ಬೆಳಿಗ್ಗೆ ಚರ್ಚ್ ಸ್ಟ್ರೀಟ್ ಹತ್ರ ನಿಂತ್ರೆ ಡ್ಯೂಟಿಗೆ ಹೊರಟ ಹಳೇ ಗಾಡಿಗಳನ್ನ ಸಾಲಾಗಿ ನೋಡಬಹುದು, ಫೋಟೋಗೆ ಡೊಲೊರೆಸ್ ಪಾರ್ಕ್ ಪಕ್ಕದ ಏರು ಬೆಸ್ಟು.

ನನ್ನ ರೇಟಿಂಗು: ಮಿಲಾನ್‌ಗೆ ಐದು, ಪಿಸಿಸಿಗೆ ನಾಲ್ಕೂವರೆ, ಮ್ಯೂಸಿಯಂಗೆ ನಾಲ್ಕು, ವಾರ್ಫ್‌ಗೆ ಎರಡು, ಆ ಟೀಗೆ ಏನೂ ಇಲ್ಲ. ವಾಪಸ್ ಬರೋಕೆ ಅವಸರ ಬೇಡ, ಶನಿವಾರ ಭಾನುವಾರಾನೂ ಕ್ಯಾಲ್‌ಟ್ರೇನ್ ಅರ್ಧ ಗಂಟೆಗೊಂದು ಇದೆ, ಒಂದು ತಪ್ಪಿದ್ರೆ ಇನ್ನೊಂದು. ಅಪ್ಪಂಗೆ ಹೊರಡೋ ಮುಂಚೆ ಇನ್ನೊಂದ್ಸಲ ಹೋಗಬೇಕಂತೆ, ಈ ಸಲ ಮ್ಯಾಪ್ ಅವರ ಫೋನಲ್ಲೂ ಹಾಕಿಕೊಟ್ಟಿದ್ದೀನಿ.